ಕೈ ಬೀಸಿ ಆಡುವ ಆಟ: ಕೊಟ್ಟದ್ದೇನು, ಕೊಡದೇ ಹೋದದ್ದೇನು?

ವೀಡಿಯೋ ಗೇಮ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬಂದು ನಿಲ್ಲುತ್ತದೆ. ಟಿ.ವಿ.ಯ ಮುಂದೆ ಬೆನ್ನು ಬಾಗಿಸಿ ಕುಳಿತ ಒಬ್ಬ ಹುಡುಗ. ಅಲುಗಾಡುವುದು ಅವನ ಎರಡು ಹೆಬ್ಬೆರಳುಗಳು ಮಾತ್ರ. ಊಟಕ್ಕೆ ಕರೆದರೆ ಕೇಳಿಸದು. ಅಜ್ಜ ಬಂದು ಪಕ್ಕದಲ್ಲಿ ಕುಳಿತರೂ ಗೊತ್ತಾಗದು. ಹೆತ್ತವರ ದೂರು, ಅಧ್ಯಾಪಕರ ಚಿಂತೆ, ವೈದ್ಯರ ಎಚ್ಚರಿಕೆ ಎಲ್ಲವೂ ಈ ಚಿತ್ರದ ಸುತ್ತಲೇ ಬೆಳೆದಿವೆ.

ಈ ಚಿತ್ರವನ್ನೇ ಬದಲಾಯಿಸುತ್ತೇವೆ ಎಂದು ಹೊರಟ ಯಂತ್ರಗಳೂ ಇವೆ. ಅವುಗಳ ಮುಂದೆ ಆಡುವವನು ಎದ್ದು ನಿಲ್ಲಬೇಕು. ಕೈ ಬೀಸಬೇಕು, ಬಾಗಬೇಕು, ಕುಣಿಯಬೇಕು. ಯಂತ್ರವು ಆ ಚಲನೆಯನ್ನು ಗುರುತಿಸಿ ಪರದೆಯ ಮೇಲಿನ ಆಟಗಾರನನ್ನು ಆಡಿಸುತ್ತದೆ. ಇಂತಹ ಆಟಗಳು ಆಡಲು ಯೋಗ್ಯವೇ, ದುಡ್ಡು ಕೊಟ್ಟು ಮನೆಗೆ ತರಬಹುದೇ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡುವವರಿದ್ದಾರೆ. ‘ವ್ಯಾಯಾಮವೂ ಆಯಿತು, ಆಟವೂ ಆಯಿತು’ ಎನ್ನುವವರು ಒಂದು ಕಡೆ. ‘ಎಲ್ಲವೂ ಕಂಪೆನಿಗಳ ವ್ಯಾಪಾರ’ ಎನ್ನುವವರು ಇನ್ನೊಂದು ಕಡೆ. ತೀರ್ಪು ಕೊಡುವ ಮೊದಲು ಈ ಆಟಗಳು ನಡೆದು ಬಂದ ದಾರಿಯನ್ನು ನಾವು ಒಮ್ಮೆ ನೋಡುವುದು ಒಳ್ಳೆಯದು. ಏನನ್ನು ಕೊಡುತ್ತೇವೆಂದು ಹೇಳಿದರು, ಏನನ್ನು ಕೊಟ್ಟರು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ.

ಎಲೆಗಳಿಂದ ಆರಂಭ

ಈ ಕಥೆಯ ಮುಖ್ಯ ಪಾತ್ರ ಜಪಾನಿನ ನಿಂಟೆಂಡೊ ಕಂಪೆನಿ. 1889ರಲ್ಲಿ ಕ್ಯೋಟೊ ನಗರದಲ್ಲಿ ಫುಸಾಜಿರೊ ಯಮಾವುಚಿ ಎಂಬವರು ಇದನ್ನು ಸ್ಥಾಪಿಸಿದಾಗ ಅಲ್ಲಿ ಯಂತ್ರಗಳಿರಲಿಲ್ಲ. ಅಲ್ಲಿ ತಯಾರಾಗುತ್ತಿದ್ದುದು ಹನಫುಡ ಎಂಬ, ಹೂವಿನ ಚಿತ್ರಗಳಿರುವ ಆಟದ ಎಲೆಗಳು. ಮನೆಮಂದಿ ಸುತ್ತ ಕುಳಿತು ಆಡುತ್ತಿದ್ದ ಈ ಎಲೆಗಳಿಗೆ ಜೂಜುಕೋರರೂ ದೊಡ್ಡ ಗಿರಾಕಿಗಳಾಗಿದ್ದರು. ಒಂದೇ ವಸ್ತು ಕೂಡಿಸಲೂ ಬಲ್ಲದು, ಕೆಡಿಸಲೂ ಬಲ್ಲದು ಎಂಬುದಕ್ಕೆ ಇದೂ ಒಂದು ಉದಾಹರಣೆ.

1960ರ ದಶಕದಲ್ಲಿ ಗುನ್ಪೇ ಯೊಕೊಯಿ ಎಂಬ ಯುವಕ ಈ ಕಂಪೆನಿಗೆ ಸೇರಿದರು. ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಬಿಡುವಿನಲ್ಲಿ ಅವರು ಕತ್ತರಿಯಂತೆ ಮಡಚಿ ಚಾಚುವ ಒಂದು ಕೈ ತಯಾರಿಸಿ ಆಡುತ್ತಿದ್ದುದು ಕಂಪೆನಿಯ ಅಧ್ಯಕ್ಷರ ಕಣ್ಣಿಗೆ ಬಿತ್ತು. ಅವರು ಗದರಿಸುವ ಬದಲು ಅದನ್ನೇ ಆಟಿಕೆಯಾಗಿ ತಯಾರಿಸಲು ಹೇಳಿದರು. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆ ಆಟಿಕೆ 10 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು.

ಯೊಕೊಯಿ ಅವರದು ಒಂದು ಸರಳ ಸಿದ್ಧಾಂತ. ಹೊಸತಾಗಿ ಬಂದ ದುಬಾರಿ ತಂತ್ರಜ್ಞಾನದ ಹಿಂದೆ ಓಡಬೇಡಿ. ಬಳಸಿ ಹಳತಾದ, ಅಗ್ಗವಾದ, ಚೆನ್ನಾಗಿ ಗೊತ್ತಿರುವ ತಂತ್ರಜ್ಞಾನಕ್ಕೆ ಯಾರೂ ಯೋಚಿಸದ ಹೊಸ ಉಪಯೋಗ ಹುಡುಕಿ. 1980ರಲ್ಲಿ ಕ್ಯಾಲ್ಕುಲೇಟರಿನ ಅಗ್ಗದ ಪರದೆಯಿಂದ ಅವರು ಕೈಯಲ್ಲಿ ಹಿಡಿಯುವ ಗೇಮ್ ಯಂತ್ರ ತಂದದ್ದು ಹೀಗೆಯೇ. ಎಡ ಹೆಬ್ಬೆರಳಿನಿಂದ ನಾಲ್ಕು ದಿಕ್ಕಿಗೆ ಒತ್ತುವ ಕೂಡುಚಿಹ್ನೆಯಾಕಾರದ ಗುಂಡಿಯೂ 1982ರಲ್ಲಿ ಅವರ ಕೈಯಿಂದಲೇ ಬಂತು. ಕೂತಲ್ಲೇ ಕೂತು ಬೆರಳಾಡಿಸುವ ಅಭ್ಯಾಸ ಲೋಕದ ಮಕ್ಕಳಲ್ಲಿ ಬೇರೂರಲು ಆ ಗುಂಡಿಯ ಪಾಲೂ ದೊಡ್ಡದು. 1997ರಲ್ಲಿ ಒಂದು ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಆದರೆ ಅವರ ಸಿದ್ಧಾಂತ ಉಳಿಯಿತು.

ಕೈಗವಸಿನ ಸೋಲು

ಮೈಯ ಚಲನೆಯಿಂದಲೇ ಆಟ ನಡೆಸುವ ಆಸೆ ಹೊಸತಲ್ಲ. 1981ರಲ್ಲಿ ಅಮೆರಿಕದ ಡೇಟಾಸಾಫ್ಟ್ ಕಂಪೆನಿ ‘ಲ ಸ್ಟಿಕ್’ ಎಂಬ ಹಿಡಿಕೆಯನ್ನು ಮಾರಿತು. ಅದರೊಳಗೆ ಪಾದರಸದ ಸ್ವಿಚ್‌ಗಳಿದ್ದವು. ಹಿಡಿಕೆಯನ್ನು ವಾಲಿಸಿದರೆ ಪಾದರಸ ಆ ಕಡೆ ಹರಿದು ವಿದ್ಯುತ್ ಸಂಪರ್ಕ ಕೊಡುತ್ತಿತ್ತು. ಯೋಚನೆ ಚೆನ್ನಾಗಿತ್ತು, ಆಡುವುದು ಕಷ್ಟವಾಗಿತ್ತು.

ಹೆಚ್ಚು ಸದ್ದು ಮಾಡಿದ್ದು 1989ರ ‘ಪವರ್ ಗ್ಲವ್’. ಇದರ ಮೂಲ ಕುತೂಹಲಕರವಾಗಿದೆ. ಗಿಟಾರ್ ಇಲ್ಲದೆ ಗಾಳಿಯಲ್ಲೇ ಬೆರಳಾಡಿಸಿ ಸಂಗೀತ ಹೊರಡಿಸಬೇಕೆಂಬ ಆಸೆಯಿಂದ ಥಾಮಸ್ ಝಿಮ್ಮರ್‌ಮನ್ ಎಂಬ ಎಂಜಿನಿಯರ್ ಬೆರಳ ಮಡಿಕೆಯನ್ನು ಅಳೆಯುವ ಒಂದು ಕೈಗವಸು ತಯಾರಿಸಿದ್ದರು. ಅದು ಮುಂದೆ ಸಾವಿರಾರು ಡಾಲರ್ ಬೆಲೆಯ ‘ಡೇಟಾ ಗ್ಲವ್’ ಆಗಿ ಸಂಶೋಧನಾಲಯಗಳನ್ನು ಸೇರಿತು. ಅದರ ಅಗ್ಗದ ರೂಪವನ್ನು ಮಕ್ಕಳಿಗಾಗಿ, 100 ಡಾಲರಿಗಿಂತ ಕಡಿಮೆಗೆ, ಅಮೆರಿಕದ ಆಟಿಕೆ ಕಂಪೆನಿ ಮ್ಯಾಟೆಲ್ ಮಾರುಕಟ್ಟೆಗೆ ತಂದಿತು. ಟಿ.ವಿ.ಯ ಸುತ್ತ ಕಟ್ಟಿದ ಪಟ್ಟಿಯಲ್ಲಿ ಮೂರು ಕಿವಿಗಳು, ಕೈಗವಸಿನಲ್ಲಿ ಮನುಷ್ಯರಿಗೆ ಕೇಳಿಸದ ಧ್ವನಿ ಹೊರಡಿಸುವ ಎರಡು ಬಾಯಿಗಳು. ಧ್ವನಿ ತಲುಪಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿ ಕೈ ಎಲ್ಲಿದೆ ಎಂದು ಯಂತ್ರ ತಿಳಿಯುತ್ತಿತ್ತು.

ಜಾಹೀರಾತಿನಲ್ಲಿ ಅದು ಜಾದೂವಿನಂತೆ ಕಂಡಿತು. ಮನೆಗೆ ತಂದ ಮಕ್ಕಳಿಗೆ ಕಂಡದ್ದೇ ಬೇರೆ. ಆಟ ಬದಲಾದಂತೆ ಮುಂಗೈಯ ಗುಂಡಿಗಳಲ್ಲಿ ಬೇರೆ ಬೇರೆ ಸಂಖ್ಯೆ ಒತ್ತಬೇಕು. ಕೈ ಎತ್ತಿಯೇ ಹಿಡಿದಿರಬೇಕು, ತೋಳು ಸೋಲುತ್ತದೆ. ಬಲಕ್ಕೆ ಬೀಸಿದರೆ ಪರದೆಯ ಆಟಗಾರ ಒಮ್ಮೆ ಹೋಗುತ್ತಾನೆ, ಒಮ್ಮೆ ಹೋಗುವುದಿಲ್ಲ. ಈ ಕೈಗವಸಿಗೆಂದೇ ತಯಾರಾಗಿ ಹೊರಬಂದ ಆಟಗಳು ಎರಡೇ ಎರಡು. ಉಳಿದೆಲ್ಲ ಆಟಗಳು ಗುಂಡಿಗಾಗಿ ತಯಾರಾದವು. ಗುಂಡಿಯಲ್ಲಿ ಸುಲಭವಾಗಿದ್ದುದನ್ನು ಕೈಗವಸು ಕಷ್ಟ ಮಾಡಿತು. ಹೊಸ ಸಾಧನವೊಂದು ಹಳೆಯ ಕೆಲಸವನ್ನೇ ಹೆಚ್ಚು ಶ್ರಮದಿಂದ ಮಾಡಿಸುವುದಾದರೆ ಜನ ಅದನ್ನು ಕಪಾಟಿನಲ್ಲಿಡುತ್ತಾರೆ. ಈ ಪಾಠ ಮುಂದೆಯೂ ಹಲವು ಸಲ ಮರಳಿ ಬಂತು.

1998ರಲ್ಲಿ ಜಪಾನಿನ ಕೊನಾಮಿ ಕಂಪೆನಿಯ ಕುಣಿತದ ಆಟ ಬಂತು. ಹಾಡಿಗೆ ತಕ್ಕಂತೆ ಕಾಲ ಕೆಳಗಿನ ಬಾಣಗಳನ್ನು ತುಳಿಯುವ ಆಟವದು. ಅದು ಕೇಳಿದ್ದು ಒಂದೇ: ಸರಿಯಾದ ಹೊತ್ತಿಗೆ ಸರಿಯಾದ ಹೆಜ್ಜೆ. ಅಷ್ಟನ್ನು ಅದು ತಪ್ಪಿಲ್ಲದೆ ಅಳೆಯುತ್ತಿತ್ತು. ಆದುದರಿಂದ ಅದು ಬಾಳಿತು. 2006ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ ಮಕ್ಕಳ ಬೊಜ್ಜಿನ ಸಮಸ್ಯೆಯನ್ನು ಮುಂದಿಟ್ಟು ತನ್ನ ಸರಕಾರಿ ಶಾಲೆಗಳಿಗೇ ಅದನ್ನು ತರಲು ನಿರ್ಧರಿಸಿತು.

ರಿಮೋಟ್ ಬಂದ ಕಾಲ

2005ರ ಹೊತ್ತಿಗೆ ನಿಂಟೆಂಡೊ ಹಿಂದೆ ಬಿದ್ದಿತ್ತು. ಅದರ ಗೇಮ್‌ಕ್ಯೂಬ್ ಯಂತ್ರ ಒಟ್ಟು ಮಾರಾಟವಾದದ್ದು ಸುಮಾರು 2 ಕೋಟಿ 17 ಲಕ್ಷ. ಅದೇ ಪೀಳಿಗೆಯ ಸೋನಿಯ ಪ್ಲೇಸ್ಟೇಷನ್ 2 ಕೊನೆಗೆ 15 ಕೋಟಿಯನ್ನು ದಾಟಿತು. ಎದುರಾಳಿಗಳು ಇನ್ನಷ್ಟು ವೇಗದ, ಇನ್ನಷ್ಟು ಸುಂದರ ಚಿತ್ರಗಳ ಯಂತ್ರಗಳ ತಯಾರಿಯಲ್ಲಿದ್ದರು. ಆಗ ಕಂಪೆನಿಯ ಅಧ್ಯಕ್ಷರಾಗಿದ್ದ ಸತೋರು ಇವಾಟಾ ಬೇರೆಯೇ ಪ್ರಶ್ನೆ ಕೇಳಿದರು. ಆಡುತ್ತಿರುವವರಿಗೆ ಹೆಚ್ಚು ಕೊಡುವುದಕ್ಕಿಂತ ಆಡದೇ ಇರುವವರನ್ನು ಕರೆಯುವುದು ಹೇಗೆ?

2005ರ ಸೆಪ್ಟೆಂಬರ್‌ನಲ್ಲಿ ಟೋಕಿಯೋದಲ್ಲಿ ಅವರು ಹೊಸ ಸಾಧನವನ್ನು ತೋರಿಸಿದರು. ಅದು ಟಿ.ವಿ.ಯ ರಿಮೋಟ್‌ನಂತಿತ್ತು. ಜೊತೆಗೆ ತೋರಿಸಿದ ಚಿತ್ರದಲ್ಲಿ ಒಂದೇ ಒಂದು ಆಟದ ದೃಶ್ಯವೂ ಇರಲಿಲ್ಲ. ಆ ರಿಮೋಟನ್ನು ಹಿಡಿದ ಚಿಕ್ಕವರು, ದೊಡ್ಡವರು, ಮುದುಕರು ಬೀಸುವುದು, ತಿವಿಯುವುದು, ಗಾಳ ಎಳೆಯುವುದು, ನಗುವುದು ಮಾತ್ರ ಇತ್ತು. ಕಂಪೆನಿ ಮಾರಲು ಹೊರಟದ್ದು ಪರದೆಯನ್ನಲ್ಲ, ಪರದೆಯ ಈಚೆಗಿನ ಕೋಣೆಯನ್ನು.

2006ರ ನವೆಂಬರ್ 19ರಂದು ಅಮೆರಿಕದಲ್ಲಿ ಅದು ‘ವೀ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಇಂಗ್ಲಿಷಿನಲ್ಲಿ ‘ನಾವು’ ಎಂಬ ಶಬ್ದದಂತೆ ಕೇಳಿಸಲಿ ಎಂಬುದೇ ಆ ಹೆಸರಿನ ಉದ್ದೇಶವೆಂದು ಕಂಪೆನಿ ಹೇಳಿತ್ತು. ಬೆಲೆ 250 ಡಾಲರ್. ಅದೇ ತಿಂಗಳು ಬಂದ ಸೋನಿಯ ಪ್ಲೇಸ್ಟೇಷನ್ 3ರ ಕನಿಷ್ಠ ಬೆಲೆ 499 ಡಾಲರ್.

ಒಳಗಿದ್ದುದು ಯೊಕೊಯಿಯವರ ಹಳೆಯ ಸಿದ್ಧಾಂತವೇ. ರಿಮೋಟಿನೊಳಗೆ ವೇಗದ ಏರಿಳಿತವನ್ನು ತಿಳಿಯುವ ಒಂದು ಪುಟ್ಟ ಸಿಲಿಕಾನ್ ಚಿಪ್ ಇತ್ತು. ಕಾರು ಢಿಕ್ಕಿಯಾದಾಗ ಗಾಳಿಚೀಲ ಬಿಚ್ಚಿಕೊಳ್ಳಲು ಸೂಚನೆ ಕೊಡುವಂತಹ ಚಿಪ್‌ಗಳು 1990ರ ದಶಕದಿಂದಲೇ ಇದ್ದವು. ಕಾರುಗಳಲ್ಲಿ ಲಕ್ಷಗಟ್ಟಲೆ ಬಳಕೆಯಾಗಿ ಅಗ್ಗವಾದ ಆ ಜಾತಿಯ ಚಿಪ್ ಈಗ ಆಟಿಕೆಯೊಳಗೆ ಬಂತು. ರಿಮೋಟಿನ ತುದಿಯಲ್ಲಿ ಒಂದು ಸಣ್ಣ ಕ್ಯಾಮೆರಾ. ಟಿ.ವಿ.ಯ ಮೇಲಿಡುವ ‘ಸೆನ್ಸರ್ ಬಾರ್’ ಎಂಬ ಪಟ್ಟಿಗೆ ಹೆಸರು ಮಾತ್ರ ದೊಡ್ಡದು. ಅದರಲ್ಲಿ ಯಾವ ಸೆನ್ಸರ್ ಕೂಡಾ ಇಲ್ಲ, ಕಣ್ಣಿಗೆ ಕಾಣದ ಬೆಳಕು ಬೀರುವ ದೀಪಗಳಷ್ಟೇ. ಪಟ್ಟಿ ಕೆಟ್ಟರೆ ಎರಡು ಮೇಣದ ಬತ್ತಿ ಹಚ್ಚಿಟ್ಟರೂ ರಿಮೋಟ್ ದಾರಿ ಕಂಡುಕೊಳ್ಳುತ್ತಿತ್ತು.

ಯಂತ್ರದೊಂದಿಗೆ ಹೆಚ್ಚಿನ ದೇಶಗಳಲ್ಲಿ ಉಚಿತವಾಗಿ ಬಂದ ‘ವೀ ಸ್ಪೋರ್ಟ್ಸ್’ನಲ್ಲಿ ಐದು ಆಟಗಳು: ಟೆನ್ನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್ ಮತ್ತು ಬಾಕ್ಸಿಂಗ್. ಟೆನ್ನಿಸ್‌ನಲ್ಲಿ ಪರದೆಯ ಆಟಗಾರ ತಾನೇ ಓಡುತ್ತಾನೆ. ನಾವು ಮಾಡಬೇಕಾದುದು ಸರಿಯಾದ ಹೊತ್ತಿಗೆ ಕೈ ಬೀಸುವುದು ಮಾತ್ರ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬೋಥಮ್ ಎಂಬ ಭೌತವಿಜ್ಞಾನಿ ಸಂದರ್ಶಕರಿಗಾಗಿ ಅಳತೆಯ ಉಪಕರಣದ ಪರದೆಯ ಮೇಲೆ ಟೆನ್ನಿಸ್ ಆಡಿಸಿದ್ದರು. ಅದರಲ್ಲಿ ಒಂದು ತಿರುಗಣೆ, ಒಂದು ಗುಂಡಿ ಇದ್ದವು. ಜನ ಸಾಲುಗಟ್ಟಿ ನಿಂತು ಆಡಿದ್ದರು. ಸುಮಾರು ಅರ್ಧ ಶತಮಾನದ ಬಳಿಕ ಅದೇ ಟೆನ್ನಿಸ್ ಅಷ್ಟೇ ಸರಳವಾಗಿ ಮರಳಿತು. ಅಜ್ಜಿಗೂ ಮೊಮ್ಮಗನಿಗೂ ಒಂದೇ ಆಟ. ಕಲಿಸಲು ಎರಡು ನಿಮಿಷ ಸಾಕು. ಅಮೆರಿಕದ ವೃದ್ಧರ ವಸತಿಗಳಲ್ಲಿ ಬೌಲಿಂಗ್ ಪಂದ್ಯಗಳು ನಡೆದವು. ಭಾರದ ಚೆಂಡನ್ನು ಎತ್ತಲಾರದ ಕೈಗಳು ರಿಮೋಟನ್ನು ಎತ್ತಿದವು. ಯಂತ್ರ ಒಟ್ಟು 10 ಕೋಟಿ 16 ಲಕ್ಷ ಮಾರಾಟವಾಯಿತು.

ತೊಂದರೆಗಳೂ ಬಂದವು. ಉತ್ಸಾಹದಲ್ಲಿ ಬೀಸಿದ ರಿಮೋಟ್ ಕೈ ಜಾರಿ ಟಿ.ವಿ.ಗೆ ಬಡಿಯಿತು, ಪಕ್ಕದವರಿಗೆ ಬಡಿಯಿತು. 2006ರ ಡಿಸೆಂಬರ್‌ನಲ್ಲಿಯೇ ಕಂಪೆನಿಯು 32 ಲಕ್ಷ ಮಣಿಕಟ್ಟಿನ ದಾರಗಳನ್ನು ಬದಲಾಯಿಸಿ ಕೊಡಬೇಕಾಯಿತು. 2007ರಲ್ಲಿ ಸ್ಪೇನಿನ ವೈದ್ಯರೊಬ್ಬರು ಪ್ರಸಿದ್ಧ ವೈದ್ಯಕೀಯ ಪತ್ರಿಕೆಗೆ ಬರೆದ ಪತ್ರದಲ್ಲಿ, ಗಂಟೆಗಟ್ಟಲೆ ಟೆನ್ನಿಸ್ ಆಡಿ ಮರುದಿನ ಬಲಭುಜದ ನೋವಿನಿಂದ ಎದ್ದ 29 ವರ್ಷದವರೊಬ್ಬರ ಬಗ್ಗೆ ವಿವರಿಸಿದ್ದರು. ಒಂದು ವಾರದ ಮಾತ್ರೆ ಮತ್ತು ಆಟದಿಂದ ಪೂರ್ಣ ದೂರ, ಇದೇ ಚಿಕಿತ್ಸೆ. ನಿಜವಾದ ಟೆನ್ನಿಸ್‌ನಲ್ಲಿ ದಣಿವು ನಮ್ಮನ್ನು ತಡೆಯುತ್ತದೆ. ಇಲ್ಲಿ ತಡೆಯುವಷ್ಟು ದಣಿವು ಆಗುವುದಿಲ್ಲ. ಆದುದರಿಂದ ಒಂದೇ ಭುಜ ಲೆಕ್ಕವಿಲ್ಲದಷ್ಟು ಸಲ ಬೀಸಿಕೊಂಡಿತು.

ಬೆವರಿನ ಲೆಕ್ಕ

ಹಾಗಾದರೆ ಇದು ವ್ಯಾಯಾಮವೇ? ಹೆತ್ತವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಇದಕ್ಕೆ ಸಂಶೋಧಕರು ಉತ್ತರ ಹುಡುಕಿದ್ದಾರೆ.

2007ರ ಕೊನೆಯಲ್ಲಿ ಬ್ರಿಟನ್ನಿನ ಲಿವರ್‌ಪೂಲ್‌ನ ಸಂಶೋಧಕರು 13ರಿಂದ 15 ವರ್ಷದ 11 ಮಕ್ಕಳನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಕೂತು ಆಡುವ ಆಟಕ್ಕಿಂತ ವೀ ಆಟದಲ್ಲಿ ಕನಿಷ್ಠ ಶೇ. 51ರಷ್ಟು ಹೆಚ್ಚು ಶಕ್ತಿ ವ್ಯಯವಾಗುತ್ತದೆ ಎಂದು ಅದು ಹೇಳಿತು. ಜಾಹೀರಾತಿಗೆ ಇಷ್ಟು ಸಾಕಲ್ಲವೇ? ಆದರೆ ಅದೇ ವರದಿಯ ಇನ್ನೊಂದು ಮಾತು ಹೀಗಿದೆ: ನಿಜವಾದ ಟೆನ್ನಿಸ್, ನಿಜವಾದ ಬಾಕ್ಸಿಂಗ್‌ಗೆ ಬೇಕಾಗುವಷ್ಟು ಶ್ರಮ ಇಲ್ಲಿಲ್ಲ. ಮಕ್ಕಳ ದಿನನಿತ್ಯದ ವ್ಯಾಯಾಮದ ಬದಲಿಗೆ ಇದನ್ನು ಲೆಕ್ಕ ಹಿಡಿಯಲಾಗದು.

2012ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. 9ರಿಂದ 12 ವರ್ಷದ ಮಕ್ಕಳಿಗೆ ವೀ ಯಂತ್ರವನ್ನು ಮನೆಗೇ ಕೊಟ್ಟರು. ಕೆಲವರಿಗೆ ಮೈ ಕುಣಿಸುವ ಆಟಗಳು, ಕೆಲವರಿಗೆ ಕೂತು ಆಡುವ ಆಟಗಳು. ಹೀಗೆಯೇ ಆಡಿ ಎಂದು ಯಾರೂ ಹೇಳಲಿಲ್ಲ. ಸೊಂಟಕ್ಕೆ ಕಟ್ಟಿದ ಸಾಧನ 13 ವಾರಗಳ ಅವಧಿಯಲ್ಲಿ ಮಕ್ಕಳ ಚಲನೆಯನ್ನು ಅಳೆಯಿತು. ಕೊನೆಗೆ ಎರಡೂ ಗುಂಪುಗಳ ಮಧ್ಯೆ ವ್ಯತ್ಯಾಸವೇ ಕಾಣಲಿಲ್ಲ. ಯಂತ್ರ ಮನೆಗೆ ಬಂದ ಮಾತ್ರಕ್ಕೆ ಮಗು ಹೆಚ್ಚು ಓಡಾಡುವುದಿಲ್ಲ. ಯಾರಾದರೂ ಕರೆದು ಎಬ್ಬಿಸಬೇಕು. ಇದಲ್ಲದೆ, ಸೋಫಾದಲ್ಲಿ ಒರಗಿಕೊಂಡು ಮಣಿಕಟ್ಟನ್ನು ಕೊಂಚ ತಿರುಗಿಸಿದರೂ ಚೆಂಡು ಹಾರುತ್ತದೆ ಎಂಬ ಗುಟ್ಟನ್ನು ಮಕ್ಕಳು ಬೇಗನೆ ಕಂಡುಕೊಳ್ಳುತ್ತಾರೆ.

ಯಂತ್ರ ಮೈಯನ್ನು ಅಳೆಯಲು ಹೊರಟಾಗ ಇನ್ನೊಂದು ಅಪಾಯವಿದೆ. 2007ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ವೀ ಫಿಟ್’ನ ಜೊತೆ ನಿಂತು ಆಡುವ ಒಂದು ಹಲಗೆಯಿತ್ತು. ಅದು ತೂಕ ನೋಡಿ, ಎತ್ತರದೊಂದಿಗೆ ಲೆಕ್ಕ ಹಾಕಿ, ನೀವು ದಪ್ಪ, ನೀವು ಸರಿ ಎಂದು ಹೇಳುತ್ತಿತ್ತು. 2008ರಲ್ಲಿ ಬ್ರಿಟನ್ನಿನ ಹತ್ತು ವರ್ಷದ ಬಾಲಕಿಗೆ ದಪ್ಪ ಎಂಬ ಹಣೆಪಟ್ಟಿ ಸಿಕ್ಕಿ ಮನೆಯವರು ಪತ್ರಿಕೆಗಳಲ್ಲಿ ಪ್ರತಿಭಟಿಸಿದರು. ಆ ಲೆಕ್ಕ ಬೆಳೆಯುವ ಮಕ್ಕಳಿಗೆ ಸರಿಯಾಗಿ ಹೊಂದಲಿಕ್ಕಿಲ್ಲವೆಂದು ಕಂಪೆನಿ ವಿಷಾದ ಸೂಚಿಸಿತು. ಮಗುವಿನ ದೇಹದ ಬಗ್ಗೆ ಮಾತಾಡಲು ತಾಯಿಯೂ ಶಬ್ದ ಹುಡುಕುತ್ತಾಳೆ. ಯಂತ್ರ ಹುಡುಕುವುದಿಲ್ಲ.

ವಿಚಿತ್ರವೆಂದರೆ ಅದೇ ಹಲಗೆ ಬೇರೊಂದು ಕಡೆ ಉಪಕಾರ ಮಾಡಿತು. ನಿಂತವರ ಸಮತೋಲನವನ್ನು ಅಳೆಯಲು ಪ್ರಯೋಗಾಲಯದ ಸಾವಿರಾರು ಡಾಲರಿನ ವೇದಿಕೆಗೆ ಬದಲಾಗಿ ಈ ಅಗ್ಗದ ಹಲಗೆಯನ್ನು ನಂಬಬಹುದೆಂದು 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಮಾರಿದವರು ಹೇಳಿದ ಕೆಲಸಕ್ಕಿಂತ ಹೇಳದ ಕೆಲಸದಲ್ಲಿ ಅದು ಹೆಚ್ಚು ಯೋಗ್ಯವಾಯಿತು.

ನೋಡುವ ಕಣ್ಣು

ವೀಯ ಯಶಸ್ಸು ಕಂಡು ಉಳಿದವರೂ ಧುಮುಕಿದರು. 2010ರ ಸೆಪ್ಟೆಂಬರ್‌ನಲ್ಲಿ ಸೋನಿ ತನ್ನ ‘ಮೂವ್’ ತಂದಿತು. ಅದೇ ವರ್ಷದ ನವೆಂಬರ್ 4ರಂದು ಮೈಕ್ರೋಸಾಫ್ಟ್ ‘ಕಿನೆಕ್ಟ್’ ತಂದಿತು. ಕಿನೆಕ್ಟ್‌ನಲ್ಲಿ ಹಿಡಿಯಲು ಏನೂ ಇರಲಿಲ್ಲ. ನಿಮ್ಮ ದೇಹವೇ ಸಾಧನ ಎಂದು ಕಂಪೆನಿ ಹೇಳಿತು. ಕಣ್ಣಿಗೆ ಕಾಣದ ಬೆಳಕಿನ ಸಾವಿರಾರು ಚುಕ್ಕೆಗಳನ್ನು ಕೋಣೆಯ ಮೇಲೆ ಚೆಲ್ಲಿ, ಅವು ಎಲ್ಲಿ ಹೇಗೆ ಬಿದ್ದಿವೆ ಎಂದು ನೋಡಿ, ದೂರವನ್ನು ಲೆಕ್ಕ ಹಾಕಿ, ಮನುಷ್ಯನ ಮೈಯ 20 ಕೀಲುಗಳನ್ನು ಅದು ಗುರುತಿಸುತ್ತಿತ್ತು. ಈ ಚುಕ್ಕೆಗಳ ತಂತ್ರ ಇಸ್ರೇಲಿನ ಪ್ರೈಮ್‌ಸೆನ್ಸ್ ಎಂಬ ಕಂಪೆನಿಯದು. ಚುಕ್ಕೆಗಳಲ್ಲಿ ಮನುಷ್ಯನನ್ನು ಗುರುತಿಸುವ ಲೆಕ್ಕಾಚಾರ ಕೇಂಬ್ರಿಡ್ಜ್‌ನ ಮೈಕ್ರೋಸಾಫ್ಟ್ ಸಂಶೋಧಕರದು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯೂ ಆಯಿತು.

ತಂತ್ರಜ್ಞಾನದಲ್ಲಿ ಇದು ವೀಗಿಂತ ಬಹಳ ಮುಂದಿತ್ತು. ಆದರೆ ಆಟದಲ್ಲಿ ಹಿಂದೆ ಬಿತ್ತು. ಇದಕ್ಕೆ ಕಾರಣಗಳಿವೆ. ಯಂತ್ರದಿಂದ ಸುಮಾರು ಆರು ಅಡಿ ದೂರ ನಿಲ್ಲಬೇಕು, ಮುಂದೆ ಮೇಜು ಕುರ್ಚಿ ಇರಬಾರದು. ಸಣ್ಣ ಮನೆಯವರು ಎಲ್ಲಿಗೆ ಹೋಗಬೇಕು? ಕೈ ಎತ್ತಿದ್ದಕ್ಕೂ ಪರದೆಯಲ್ಲಿ ಕೈ ಏಳುವುದಕ್ಕೂ ಮಧ್ಯೆ ಒಂದು ಸಣ್ಣ ವಿಳಂಬ. ಗುಂಡಿಯಿಲ್ಲದ ಕಾರಣ ಮುಂದೆ ನಡೆಯುವಂತಹ ಸಾಮಾನ್ಯ ಕೆಲಸಕ್ಕೂ ದಾರಿಯಿಲ್ಲ. ಕುಣಿತದ ಆಟಗಳು ಚೆನ್ನಾಗಿ ನಡೆದವು. ಉಳಿದ ಹೆಚ್ಚಿನವು ಕೈಗವಸಿನ ಗತಿಯನ್ನೇ ಕಂಡವು. ಗಾಲಿಕುರ್ಚಿಯಲ್ಲಿ ಕುಳಿತವರ ಪಾಡು ಇನ್ನೂ ಕಷ್ಟವಾಗಿತ್ತು. ನಿಂತಿರುವ, ಎರಡು ಕೈ ಎರಡು ಕಾಲು ಸರಿಯಾಗಿ ಆಡುವ ಮೈಯೇ ಯಂತ್ರದ ಲೆಕ್ಕದ ಮೈ. ‘ನಿಮ್ಮ ದೇಹವೇ ಸಾಧನ’ ಎಂಬ ಮಾತು ಕೇಳಲು ಎಲ್ಲರನ್ನೂ ಕರೆಯುವಂತಿದೆ. ಎಲ್ಲರ ದೇಹವೂ ಅದರ ಲೆಕ್ಕದಲ್ಲಿರಲಿಲ್ಲ. ಬೇರೆ ಬೇರೆ ರೀತಿಯ ಅಂಗವಿಕಲರು ತಮಗೆ ಬೇಕಾದ ಗುಂಡಿಗಳನ್ನು ತಮಗೆ ಬೇಕಾದಲ್ಲಿ ಜೋಡಿಸಿಕೊಳ್ಳುವ ಸಾಧನವೊಂದನ್ನು ಅದೇ ಕಂಪೆನಿ 2018ರಲ್ಲಿ ತಂದದ್ದು ಮೆಚ್ಚಬೇಕಾದ ಸಂಗತಿ. ಆದರೆ ಅದು ಚಲನೆಯ ಆಟವಲ್ಲ, ಗುಂಡಿಗೆ ಮರಳುವ ದಾರಿ.

2013ರಲ್ಲಿ ವಿಷಯ ಗಂಭೀರವಾಯಿತು. ಆ ವರ್ಷದ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಯಂತ್ರವನ್ನು ಪ್ರಕಟಿಸಿ, ಅದು ಕೆಲಸ ಮಾಡಬೇಕಾದರೆ ಕಿನೆಕ್ಟ್ ಜೋಡಿಸಿಯೇ ಇರಬೇಕು ಎಂದಿತು. ಅಂದರೆ ಮಲಗುವ, ಉಣ್ಣುವ, ಮಾತಾಡುವ ಕೋಣೆಯಲ್ಲಿ ಸದಾ ಒಂದು ಕ್ಯಾಮೆರಾ ಮತ್ತು ಮೈಕ್. ಜರ್ಮನಿಯ ಖಾಸಗಿ ಮಾಹಿತಿ ರಕ್ಷಣೆಯ ಆಯುಕ್ತ ಪೀಟರ್ ಶಾರ್ ಆಗಲೇ ಆಕ್ಷೇಪ ಎತ್ತಿದರು. ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕೆಯ ದಾಖಲೆಗಳನ್ನು ಬಹಿರಂಗಪಡಿಸಿದರು. ಅವುಗಳಲ್ಲಿ ಮೈಕ್ರೋಸಾಫ್ಟ್‌ನ ಹೆಸರೂ ಇತ್ತು. ಜನರ ವಿಶ್ವಾಸ ಕುಸಿಯಿತು. ಆಗಸ್ಟ್‌ನಲ್ಲಿ ಕಂಪೆನಿ ಆ ಷರತ್ತನ್ನು ಕೈಬಿಟ್ಟಿತು. 2014ರಲ್ಲಿ ಕಿನೆಕ್ಟ್ ಇಲ್ಲದ ಯಂತ್ರವನ್ನು 100 ಡಾಲರ್ ಕಡಿಮೆಗೆ ಮಾರಿತು. 2017ರಲ್ಲಿ ಕಿನೆಕ್ಟ್‌ನ ತಯಾರಿಯೇ ನಿಂತಿತು.

ಆದರೆ ಆ ಕಣ್ಣು ಮುಚ್ಚಿಕೊಂಡಿತೇ? ಇಲ್ಲ. 2013ರಲ್ಲಿಯೇ ಪ್ರೈಮ್‌ಸೆನ್ಸ್ ಕಂಪೆನಿಯನ್ನು ಆಪಲ್ ಕೊಂಡುಕೊಂಡಿತ್ತು. 2017ರಲ್ಲಿ ಬಂದ ಐಫೋನ್ ಟೆನ್ ಕಾಣದ ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲಿ ಒಡೆಯನನ್ನು ಗುರುತಿಸಿತು. ಕೋಣೆಯ ಗೋಡೆಯಲ್ಲಿ ಬೇಡವೆಂದ ಕಣ್ಣನ್ನು ಜನ ಜೇಬಿನಲ್ಲಿಟ್ಟು ತಿರುಗಾಡಿದರು. ಆಟದ ಹೆಸರಿನಲ್ಲಿ ಬಂದ ತಂತ್ರಜ್ಞಾನ ಆಟದಲ್ಲಿಯೇ ಉಳಿಯುತ್ತದೆ ಎಂದು ನಾವು ಭಾವಿಸಬಾರದು. ಒಳ್ಳೆಯ ಉಪಯೋಗವೂ ಆಯಿತು ಎಂಬುದನ್ನು ಮರೆಯುವುದು ಬೇಡ. ಹೊರಗಿನ ಹವ್ಯಾಸಿಗಳು ಕಿನೆಕ್ಟ್ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದನ್ನು ಸಾಮಾನ್ಯ ಕಂಪ್ಯೂಟರಿಗೆ ಜೋಡಿಸಿದರು. ಮೊದಲು ಮುಖ ಗಂಟಿಕ್ಕಿದ ಕಂಪೆನಿ 2011ರಲ್ಲಿ ತಾನೇ ಅದಕ್ಕೆ ಬೇಕಾದ ತಂತ್ರಾಂಶ ಕೊಟ್ಟಿತು. ಟೊರಾಂಟೊದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸಕರು ತೊಳೆದ ಕೈಯಿಂದ ಏನನ್ನೂ ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿ ರೋಗಿಯ ಸ್ಕ್ಯಾನ್ ಚಿತ್ರಗಳನ್ನು ನೋಡಿದರು.

ಆಸ್ಪತ್ರೆಯ ಮಂಚದ ಬಳಿ

ಈ ಆಟಗಳ ಬೆಲೆಯನ್ನು ಅಳೆಯಲು ಆಸ್ಪತ್ರೆಗಿಂತ ಗಟ್ಟಿಯಾದ ಒರೆಗಲ್ಲು ಇಲ್ಲ. ಪಾರ್ಶ್ವವಾಯು ಬಡಿದವರ ಕೈ ಮತ್ತೆ ಆಡಬೇಕಾದರೆ ಒಂದೇ ಚಲನೆಯನ್ನು ನೂರಾರು ಸಲ ಮಾಡಬೇಕು. ಅದು ಬೇಸರದ ಕೆಲಸ. ಮನೆಯಲ್ಲಿ ಅಂತಹ ರೋಗಿಯನ್ನು ನೋಡಿಕೊಂಡವರಿಗೆ ಇದು ಗೊತ್ತು. ಬೆರಳು ಮಡಚಲು ಹೇಳಿ ಹೇಳಿ ಮನೆಯವರು ಸೋಲುತ್ತಾರೆ. ಮಾಡಿ ಮಾಡಿ ರೋಗಿ ಸೋಲುತ್ತಾನೆ. ಆಟವಾದರೆ ಬೇಸರ ಕಳೆಯಬಹುದಲ್ಲವೇ ಎಂದು ಟೊರಾಂಟೊದ ನರರೋಗ ತಜ್ಞ ಗುಸ್ತಾವೊ ಸಪೋಸ್ನಿಕ್ ಮತ್ತು ಸಂಗಡಿಗರು ಯೋಚಿಸಿದರು. 2010ರಲ್ಲಿ 22 ರೋಗಿಗಳ ಸಣ್ಣ ಪ್ರಯೋಗದಲ್ಲಿ ವೀ ಆಡಿದವರ ಕೈ ಹೆಚ್ಚು ಚುರುಕಾಯಿತು. ಎಲ್ಲರಲ್ಲೂ ಭರವಸೆ ಮೂಡಿತು.

ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಕೆನಡಾ, ಅರ್ಜೆಂಟೀನಾ, ಪೆರು ಮತ್ತು ಥಾಯ್ಲೆಂಡ್ ದೇಶಗಳ 14 ಆಸ್ಪತ್ರೆಗಳಲ್ಲಿ 141 ರೋಗಿಗಳನ್ನು ಸೇರಿಸಿ ದೊಡ್ಡ ಪ್ರಯೋಗ ಮಾಡಿದರು. ಅರ್ಧದಷ್ಟು ಜನರಿಗೆ ವೀ. ಉಳಿದವರಿಗೆ ಇಸ್ಪೀಟು, ಬಿಂಗೊ, ಮರದ ತುಂಡುಗಳನ್ನು ಪೇರಿಸುವ ಜೆಂಗಾ, ಚೆಂಡಿನಂತಹ ಸಾಮಾನ್ಯ ಆಟಗಳು. ಎರಡು ವಾರಗಳಲ್ಲಿ ಹತ್ತು ಸಲ, ಒಂದೊಂದು ಗಂಟೆ. ಮಾಮೂಲಿ ಚಿಕಿತ್ಸೆ ಇಬ್ಬರಿಗೂ ಇತ್ತು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿನವರ ಕೈ ಸುಧಾರಿಸಿತ್ತು. ಯಂತ್ರದವರು ಹೆಚ್ಚು, ಎಲೆಯವರು ಕಡಿಮೆ ಎಂಬ ವ್ಯತ್ಯಾಸ ಇರಲಿಲ್ಲ.

ಈ ಫಲಿತಾಂಶವನ್ನು ಹಲವರು ಯಂತ್ರದ ಸೋಲು ಎಂದು ಓದಿದರು. ನಾವು ಅದನ್ನು ಬೇರೆ ರೀತಿ ಓದುತ್ತೇವೆ. 1889ರಲ್ಲಿ ಎಲೆ ಮಾರುತ್ತಿದ್ದ ಕಂಪೆನಿ 2006ರಲ್ಲಿ ಯಂತ್ರ ಮಾರಿತು. 2016ರಲ್ಲಿ ವೈದ್ಯರು ಎರಡನ್ನೂ ತಕ್ಕಡಿಯಲ್ಲಿಟ್ಟಾಗ ತಕ್ಕಡಿ ಸಮನಾಗಿ ನಿಂತಿತು. ಎಲೆ ಕಲಸಿ, ಹಂಚಿ, ಎತ್ತಿ ಇಡುವ ಕೈಯೂ ದುಡಿಯುತ್ತದೆ. ಕೈಯನ್ನು ದುಡಿಸಿದ್ದು ಚಿಪ್ಪಲ್ಲ. ದುಡಿಸಿದ್ದು ಆಟ, ಮತ್ತು ಆ ಒಂದು ಗಂಟೆ ರೋಗಿಯ ಬಳಿ ಕುಳಿತ ಇನ್ನೊಬ್ಬ ಮನುಷ್ಯ. ದುಬಾರಿ ಯಂತ್ರ ಕೊಳ್ಳಲಾಗದ ಬಡವನ ಮನೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ?

ಹಾಗಾದರೆ ಉತ್ತರವೇನು?

ಚಲನೆಯ ಆಟಗಳು ಸತ್ತಿಲ್ಲ. 2017ರ ನಿಂಟೆಂಡೊ ಸ್ವಿಚ್‌ನಲ್ಲೂ 2025ರ ಸ್ವಿಚ್ 2ರಲ್ಲೂ ಚಲನೆಯನ್ನು ತಿಳಿಯುವ ಚಿಪ್ ಇದೆ. 2019ರಲ್ಲಿ ಬಂದ ‘ರಿಂಗ್ ಫಿಟ್ ಅಡ್ವೆಂಚರ್’ 1.5 ಕೋಟಿಗೂ ಹೆಚ್ಚು ಮಾರಾಟವಾಯಿತು. 2020ರಲ್ಲಿ ಕೊರೋನಾದಿಂದ ಜನ ಮನೆಯೊಳಗೆ ಬಂದಿಯಾದಾಗ ಅದಕ್ಕೆ ಬಹಳ ಬೇಡಿಕೆ ಬಂದು ಅಂಗಡಿಗಳಲ್ಲಿ ಸಿಗದಂತಾಗಿತ್ತು. ಕಣ್ಣಿಗೆ ಕಟ್ಟಿಕೊಂಡು ಆಡುವ ವರ್ಚುವಲ್ ರಿಯಾಲಿಟಿ ಆಟಗಳಲ್ಲಿ ಕೈ ಬೀಸುವುದೇ ಮುಖ್ಯ. ಆದರೆ ಅಲ್ಲಿ ಆಡುವವನ ಕಣ್ಣು ಕೋಣೆಯಲ್ಲಿರುವ ಯಾರನ್ನೂ ಕಾಣುವುದಿಲ್ಲ ಎಂಬುದನ್ನು ಗಮನಿಸಬೇಕು. ಮೈ ಎದ್ದು ನಿಂತಿದೆ, ಮನುಷ್ಯ ಮತ್ತೆ ಒಂಟಿಯಾಗಿದ್ದಾನೆ.

ಆಡಲು ಯೋಗ್ಯವೇ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ಬಯಲಿನ ಆಟದ ಬದಲಿಗೆ ಇದನ್ನು ತರುವುದಾದರೆ ಯೋಗ್ಯವಲ್ಲ. ಮಗುವಿನ ಬೊಜ್ಜಿಗೆ ಮದ್ದು ಎಂದು ತರುವುದಾದರೆ ಹಣ ವ್ಯರ್ಥ. ನಮ್ಮ ಕೋಣೆಯನ್ನು ಸದಾ ನೋಡುವ, ನಮ್ಮ ಮೈಯನ್ನು ಅಳೆದು ದಾಖಲಿಸುವ ಯಂತ್ರವಾದರೆ, ಆ ದಾಖಲೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ಹೊಸ್ತಿಲು ದಾಟಿಸಬಾರದು. ಆದರೆ ಒಬ್ಬ ಅಜ್ಜ, ಒಬ್ಬಳು ಮೊಮ್ಮಗಳು ಒಂದೇ ಕೋಣೆಯಲ್ಲಿ ಎದ್ದು ನಿಂತು, ಒಬ್ಬರ ಸೋಲಿಗೆ ಇನ್ನೊಬ್ಬರು ನಗುವುದಾದರೆ ಖಂಡಿತಾ ಯೋಗ್ಯ. ಅಷ್ಟಕ್ಕೆ ಹಳೆಯ, ಅಗ್ಗದ ಯಂತ್ರವೂ ಸಾಕು.

ಯಂತ್ರವೇ ಇಲ್ಲದಿದ್ದರೂ ಆಗುತ್ತದೆ ಎಂಬುದು ಆ 14 ಆಸ್ಪತ್ರೆಗಳ ಸಾಕ್ಷ್ಯ. ಬೆನ್ನು ಬಾಗಿಸಿ ಕುಳಿತ ಆ ಹುಡುಗನನ್ನು ಎಬ್ಬಿಸಲು ಕಂಪೆನಿಗಳು ಪಾದರಸ, ಧ್ವನಿ, ಚಿಪ್, ಬೆಳಕಿನ ಚುಕ್ಕೆ ಎಲ್ಲವನ್ನೂ ಬಳಸಿ ನೋಡಿದವು. ಅವನ ಪಕ್ಕದಲ್ಲಿ ಬಂದು ಕುಳಿತ ಅಜ್ಜನನ್ನು ಮಾತ್ರ ನಾವೇ ಮರೆತೆವು. ‘ನನಗೂ ಒಂದು ಕೈ ಕೊಡು, ನಾನೂ ಆಡುತ್ತೇನೆ’ ಎಂದು ಆ ಅಜ್ಜ ಕೇಳುವ ಮನೆಯಲ್ಲಿ ಯಾವ ಆಟ ತಂದರೂ ನಷ್ಟವಿಲ್ಲ.